ಕೆಟ್ಟು ನಿಂತ ಟ್ರ್ಯಾಕ್ಟರನ್ನು ಟ್ರೇಲರಿನ ಮೇಲೆ ಮೈಸೂರಿಗೆ ಸಾಗಿಸಬಹುದೇ?

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 35 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರೊಂದಿದ್ದು, ಎಂಜಿನ್ ಜಾಮ್ ಆದ ಕಾರಣ ಕಳೆದ ಮಳೆಗಾಲದಿಂದ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿದೆ. ನಮ್ಮ ತಂದೆಯವರು ದುಡಿದ ಹಣದಿಂದ ಕೊಂಡ ಗಾಡಿಯಾದ್ದರಿಂದ ಅದನ್ನು ಗುಜರಿಗೆ ಹಾಕಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಮೈಸೂರಿನ ವರ್ಕ್‌ಶಾಪ್ ಒಂದರವರು ಗಾಡಿಯನ್ನು ತಂದುಕೊಟ್ಟರೆ ಎಂಜಿನ್ ಬಿಚ್ಚಿ ಸರಿಪಡಿಸಿಕೊಡುವುದಾಗಿ ಒಪ್ಪಿದ್ದಾರೆ.

ಈಗ ಉಳಿದಿರುವುದು ಸಾಗಣೆಯ ಸಮಸ್ಯೆ. ಉಳುಮೆಗೂ ಕಬ್ಬು ಸಾಗಣೆಗೂ ಬಳಸುವ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಮತ್ತು ಎರಡು ಚಕ್ರದ ಟ್ರೇಲರ್ ನಮ್ಮಲ್ಲಿವೆ. ಇದೇ ಟ್ರೇಲರಿನಲ್ಲಿ ಕಬ್ಬನ್ನು ಕಾರ್ಖಾನೆಗೆ ಹೊಡೆದಿರುವಾಗ ಒಂದು ಟ್ರ್ಯಾಕ್ಟರನ್ನು ಹೇರಿಕೊಂಡು ಹೋಗುವುದು ದೊಡ್ಡ ವಿಷಯವಲ್ಲ ಎಂದು ನನ್ನ ತಮ್ಮ ಹೇಳುತ್ತಾನೆ. ಟ್ರೇಲರೇ ಬೇಡ, ಗಟ್ಟಿಯಾದ ಸರಪಳಿ ಕಟ್ಟಿ ಎಳೆದುಕೊಂಡು ಹೋದರೆ ಸಾಕು ಎಂಬುದು ನೆರೆಯವರ ಸಲಹೆ. ನನಗೆ ಎರಡರ ಬಗ್ಗೆಯೂ ಭಯವಿದೆ. ಎಳೆಯುವ ಶಕ್ತಿ ನಮ್ಮ ಟ್ರ್ಯಾಕ್ಟರಿಗೆ ಖಂಡಿತ ಇದೆ. ಆದರೆ ಅಷ್ಟೇ ಸಾಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಟ್ರೇಲರ್ ಬಾಡಿ ಕಟ್ಟುವ ಕೆಲಸ, ಮೈಸೂರು

ನಿಮ್ಮ ಕೊನೆಯ ಅನುಮಾನ ಸರಿಯಾಗಿದೆ. ಎಳೆಯುವ ಶಕ್ತಿಯನ್ನು ನೋಡಿ ಸಾಗಣೆಯನ್ನು ತೀರ್ಮಾನಿಸುವುದು ನಮ್ಮ ಕಡೆಯ ಹಳೆಯ ರೂಢಿ. ಆದರೆ ಅವಘಡಗಳು ನಡೆಯುವುದು ಗಾಡಿ ನಿಲ್ಲದೆ ಹೋದಾಗ ಅಥವಾ ಮಗುಚಿದಾಗ. ಆದ್ದರಿಂದ ನಿಲ್ಲಿಸುವ ಶಕ್ತಿ ಎಷ್ಟಿದೆ, ಹೇರಿನ ಭಾರ ಎಲ್ಲಿ ಕೂರುತ್ತದೆ, ಅದು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬ ಮೂರು ಸಂಗತಿಗಳನ್ನು ಮೊದಲು ನೋಡಬೇಕು.

ಕಬ್ಬಿಗೂ ಟ್ರ್ಯಾಕ್ಟರಿಗೂ ಇರುವ ವ್ಯತ್ಯಾಸವನ್ನು ನಿಮ್ಮ ತಮ್ಮನವರಿಗೆ ವಿವರಿಸಿ. ಕಬ್ಬಿನ ಹೊರೆ ಟ್ರೇಲರಿನ ತುಂಬ ಹರಡಿಕೊಂಡು ಕೂರುತ್ತದೆ ಮತ್ತು ತನ್ನಷ್ಟಕ್ಕೆ ಉರುಳುವುದಿಲ್ಲ. ಟ್ರ್ಯಾಕ್ಟರಿನ ಇಡೀ ಭಾರ ನಾಲ್ಕು ಚಕ್ರಗಳ ಮೇಲೆ ನಿಂತಿರುತ್ತದೆ, ಆ ಚಕ್ರಗಳು ಉರುಳುವುದಕ್ಕೆಂದೇ ಇವೆ, ಟೈರುಗಳಲ್ಲಿ ಗಾಳಿ ಇರುವುದರಿಂದ ಪ್ರತಿ ಗುಂಡಿಗೂ ಅದು ಮೇಲೆ ಕೆಳಗೆ ಕುಣಿಯುತ್ತದೆ. ಅಲ್ಲದೆ ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಸುಮಾರು ಶೇ 60ರಷ್ಟು ಭಾರ ಹಿಂದಿನ ಅಚ್ಚಿನ ಮೇಲೆಯೇ ಇರುತ್ತದೆ. ಅಂಥ ವಾಹನವನ್ನು ಟ್ರೇಲರಿನ ಮೂರಡಿಗೂ ಎತ್ತರದ ಹಾಸಿನ (ಹೇರು ಇಡುವ ನೆಲದ) ಮೇಲೆ ನಿಲ್ಲಿಸಿದಾಗ ಭಾರದ ಕೇಂದ್ರ ಎಷ್ಟು ಮೇಲೆ ಹೋಗುತ್ತದೆ ಎಂದು ಯೋಚಿಸಿ. ರಸ್ತೆಯ ಅಂಚಿನಿಂದ ಒಂದು ಚಕ್ರ ಕೆಳಗಿಳಿದರೂ ಟ್ರೇಲರ್ ಮಗುಚುವ ಸಾಧ್ಯತೆ ಇರುತ್ತದೆ.

ಎತ್ತಿನ ಗಾಡಿಗೆ ಹೇರು ಹಾಕುವಾಗ ಹಿರಿಯರು ಮುಂಭಾರ, ಹಿಂಭಾರ ನೋಡುತ್ತಿದ್ದುದು ನಿಮಗೆ ಗೊತ್ತಿರುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ (ಮುಂದಕ್ಕೆ ಚಾಚಿದ, ಗಾಡಿ ಎಳೆಯುವ ಮರ) ಮೇಲೆದ್ದು ನೊಗ ಎತ್ತುಗಳ ಹೆಗಲಿನಿಂದ ಏಳುತ್ತಿತ್ತು, ಮುಂಭಾರ ಹೆಚ್ಚಾದರೆ ಎತ್ತುಗಳು ಕುಸಿಯುತ್ತಿದ್ದವು. ಎರಡು ಚಕ್ರದ ಟ್ರೇಲರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಭಾರ ಅಚ್ಚಿನ ಹಿಂದೆ ಬಿದ್ದರೆ ಟ್ರೇಲರಿನ ಮೂಕಿ ಎಳೆಯುವ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಆಗ ಹಿಡಿತವೂ ಬ್ರೇಕೂ ಇರಬೇಕಾದ ದೊಡ್ಡ ಚಕ್ರಗಳೇ ಹಗುರವಾಗಿ ಜಾರುತ್ತವೆ, ಟ್ರೇಲರ್ ಅತ್ತಿತ್ತ ಬಾಲ ಬೀಸುತ್ತದೆ. ಭಾರ ಅತಿಯಾಗಿ ಮುಂದೆ ಬಿದ್ದರೆ ಎಳೆಯುವ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಸ್ಟೀರಿಂಗ್ ಮಾತು ಕೇಳುವುದಿಲ್ಲ. ಎಳೆಯುವ ಟ್ರ್ಯಾಕ್ಟರಿನ ತೂಕದಲ್ಲಿ ಕನಿಷ್ಠ ಐದನೆಯ ಒಂದು ಭಾಗವಾದರೂ ಅದರ ಮುಂದಿನ ಚಕ್ರಗಳ ಮೇಲೆ ಉಳಿದಿರಬೇಕು.

ಸರಪಳಿ ಕಟ್ಟಿ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಸರಪಳಿ ಎಳೆಯಬಲ್ಲದೇ ಹೊರತು ತಡೆಯಲಾರದು. ಮುಂದಿನ ಗಾಡಿ ಬ್ರೇಕ್ ಹಾಕಿದ ಕ್ಷಣ ಹಿಂದಿನದು ತನ್ನ ಬ್ರೇಕಿನಿಂದಲೇ ನಿಲ್ಲಬೇಕು, ತಿಂಗಳುಗಟ್ಟಲೆ ನಿಂತಿರುವ ಗಾಡಿಯ ಬ್ರೇಕನ್ನು ನಂಬುವುದು ಹೇಗೆ? ಪವರ್ ಸ್ಟೀರಿಂಗ್ ಇದ್ದರಂತೂ ಎಂಜಿನ್ ಓಡದಿರುವಾಗ ಅದನ್ನು ತಿರುಗಿಸುವುದೇ ಬಹಳ ಕಷ್ಟ. ಹೊಲದಿಂದ ರಸ್ತೆಯವರೆಗೆ ಎಳೆದು ತರಲು ಸರಪಳಿ ಸಾಕು, ಮೈಸೂರಿನವರೆಗೆ ಬೇಡ.

ನಿಮ್ಮ ಟ್ರೇಲರಿನ ಹಾಸಿನ ಉದ್ದ, ಮುಂದಿನ ಹಲಗೆಯಿಂದ ಅಚ್ಚಿಗೆ ಇರುವ ದೂರ, ಅಚ್ಚಿನಿಂದ ಹಿಚ್ ಪಿನ್ನಿಗೆ (ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್) ಇರುವ ದೂರ, ಖಾಲಿ ತೂಕ, ಮತ್ತು ಟ್ರೇಲರಿಗೆ ಸ್ವಂತ ಬ್ರೇಕ್ ಇದೆಯೇ ಎಂಬುದನ್ನು ತಿಳಿಸಿ. ಆಮೇಲೆ ಲೆಕ್ಕ ಹಾಕಿ ಹೇಳುತ್ತೇನೆ.

ಉತ್ತರ: ಕಬ್ಬು ಸಾಗಣೆಯ ಟ್ರ್ಯಾಕ್ಟರ್ ಚಾಲಕ, ಮದ್ದೂರು

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ರಸ್ತೆಯ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಟ್ರೇಲರ್ ಇದ್ದರೂ ಇಲ್ಲದಿದ್ದರೂ ಅಷ್ಟೇ. ಆದ್ದರಿಂದ ಶ್ರೀರಂಗಪಟ್ಟಣದ ಕಡೆಯಿಂದ ಹೋಗುವುದಾದರೆ ಸರ್ವಿಸ್ ರಸ್ತೆ ಮತ್ತು ಊರೊಳಗಿನ ರಸ್ತೆಗಳನ್ನೇ ಬಳಸಬೇಕು. ಅಲ್ಲಿ ಬೈಕು, ಆಟೊ, ಎದುರು ದಿಕ್ಕಿನಿಂದ ನುಗ್ಗುವವರು ಎಲ್ಲರೂ ಇರುತ್ತಾರೆ. ಕೆಆರ್‌ಎಸ್, ಬೆಳಗೊಳದ ಮೇಲಿನಿಂದ ಮೈಸೂರು ಸೇರುವ ದಾರಿಯೂ ಇದೆ. ಯಾವುದನ್ನು ಆರಿಸಿಕೊಂಡರೂ ಮುಂಚಿನ ದಿನ ಬೈಕಿನಲ್ಲಿ ಹೋಗಿ ಹಂಪು, ಗುಂಡಿ, ಇಳಿಜಾರು, ಅಡ್ಡ ತಗ್ಗಿದ ವಿದ್ಯುತ್ ತಂತಿ ಇವೆಲ್ಲವನ್ನೂ ನೋಡಿಕೊಂಡು ಬನ್ನಿ. ಹೇರಿದ ಮೇಲೆ ಟ್ರ್ಯಾಕ್ಟರಿನ ಸೈಲೆನ್ಸರ್ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದನ್ನು ಅಳೆದುಕೊಳ್ಳದೆ ಹೊರಡಬೇಡಿ.

ನಾಲೆಯ ಏರಿಯ ಮೇಲಿನ ರಸ್ತೆ ಹತ್ತಿರವೆಂದು ಅದನ್ನು ಮಾತ್ರ ಹಿಡಿಯಬೇಡಿ. 2018ರ ನವೆಂಬರ್ 24ರಂದು ನಿಮ್ಮದೇ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದನ್ನು ನಮ್ಮ ಜಿಲ್ಲೆಯವರು ಮರೆಯುವುದುಂಟೇ? ಎತ್ತರದ ಹೇರು ಹೊತ್ತ ಟ್ರೇಲರಿಗೆ ಅಂಚು ಕುಸಿಯುವ ರಸ್ತೆ ಅದಕ್ಕಿಂತಲೂ ಅಪಾಯಕಾರಿ.

ಹೊರಡುವ ಮುನ್ನ ಎಡ, ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಿ. ಹೊಲದಲ್ಲಿ ತಿರುಗಿಸಲು ಬಿಚ್ಚಿಟ್ಟ ಕೊಂಡಿಯನ್ನು ಹಾಗೆಯೇ ಬಿಟ್ಟು ರಸ್ತೆಗೆ ಬಂದರೆ, ಒಂದೇ ಬದಿಗೆ ಬ್ರೇಕ್ ಬಿದ್ದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಅದನ್ನು ಮಗುಚಿಬಿಡುತ್ತದೆ. ಇಳಿಜಾರಿನ ತಲೆಯಲ್ಲಿಯೇ ಕೆಳಗಿನ ಗೇರಿಗೆ ಬದಲಾಯಿಸಿ, ಎಂಜಿನ್ ಹಿಡಿತದಲ್ಲೇ ಇಳಿಸಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಅಥವಾ ಕ್ಲಚ್ ತುಳಿದುಕೊಂಡೇ ಇಳಿಯುವ ಅಭ್ಯಾಸವಿರುವವರ ಕೈಗೆ ಆ ದಿನ ಗಾಡಿ ಕೊಡಬೇಡಿ. ಗಂಟೆಗೆ 20 ಕಿ.ಮೀ. ಬದಲು 30ರಲ್ಲಿ ಹೋದರೆ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ.

ಹಿಚ್ ಪಿನ್ನಿನ ಜಾಗದಲ್ಲಿ ಕಂಬಿಯ ತುಂಡು, ಸವೆದ ಬೋಲ್ಟು ಹಾಕಿ ಓಡಿಸುವುದನ್ನು ಕಾರ್ಖಾನೆಯ ಸಾಲಿನಲ್ಲಿ ಈಗಲೂ ನೋಡುತ್ತೇನೆ. ಸರಿಯಾದ ಅಳತೆಯ ಪಿನ್, ಅದು ಮೇಲೆ ಎಗರದಂತೆ ಕೆಳಗೆ ಕ್ಲಿಪ್, ಜೊತೆಗೆ ಮೂಕಿಯಿಂದ ಟ್ರ್ಯಾಕ್ಟರಿಗೆ ಬೇರೆಯೇ ಒಂದು ಸರಪಳಿ ಇರಲೇಬೇಕು. ಪಿನ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಆ ಸರಪಳಿ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಳತೆ ಮಾಡಿದ್ದೇನೆ. ಹಾಸು 10 ಅಡಿ ಉದ್ದವಿದ್ದು, ಮುಂದಿನ ಹಲಗೆಯಿಂದ 6 ಅಡಿ ದೂರದಲ್ಲಿ ಅಚ್ಚಿದೆ. ಅಚ್ಚಿನಿಂದ ಹಿಚ್ ಪಿನ್ನಿಗೆ 10 ಅಡಿ ಆಗುತ್ತದೆ. ಖಾಲಿ ಟ್ರೇಲರನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿದಾಗ 1,300 ಕಿಲೊ ಬಂದಿತು. ಹಳೆಯ ಟ್ರ್ಯಾಕ್ಟರಿನ ತೂಕ ಕೈಪಿಡಿಯ ಪ್ರಕಾರ 1,750 ಕಿಲೊ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು ಆರೂಕಾಲು ಅಡಿ ಇದೆ. ಎಳೆಯುವ ಟ್ರ್ಯಾಕ್ಟರ್ ಸುಮಾರು 2,000 ಕಿಲೊ ತೂಗುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲ. ಹೇರುವ ವಿಧಾನ, ಕಟ್ಟುವ ವಿಧಾನ ಮತ್ತು ಕಾಗದಪತ್ರಗಳ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಟ್ರೇಲರ್ ಬಾಡಿ ಕಟ್ಟುವ ಕೆಲಸ, ಮೈಸೂರು

ಮೊದಲು ಭಾರದ ಜಾಗ ನೋಡೋಣ. ಶೇ 60 ಹಿಂದೆ ಇದ್ದರೆ ನಿಮ್ಮ ಹಳೆಯ ಟ್ರ್ಯಾಕ್ಟರಿನ ಭಾರದ ಕೇಂದ್ರ ಹಿಂದಿನ ಅಚ್ಚಿನಿಂದ ಎರಡೂವರೆ ಅಡಿ ಮುಂದೆ ಇರುತ್ತದೆ. ಅದನ್ನು ಮೂತಿ ಮುಂದಾಗಿ ಹತ್ತಿಸಿ ಹಲಗೆಯವರೆಗೂ ತಳ್ಳಿದರೂ ಆ ಕೇಂದ್ರ ಹೆಚ್ಚುಕಡಿಮೆ ಟ್ರೇಲರಿನ ಅಚ್ಚಿನ ಮೇಲೆಯೇ ಬರುತ್ತದೆ, ನಾಲ್ಕು ಬೆರಳು ಹಿಂದೆ ಸರಿದರೂ ಹಿಂಭಾರವಾಗುತ್ತದೆ. ಹಿಮ್ಮುಖವಾಗಿ ಹತ್ತಿಸಿ, ದೊಡ್ಡ ಚಕ್ರದ ನಡುಭಾಗ ಮುಂದಿನ ಹಲಗೆಯಿಂದ ಎರಡೂವರೆ ಅಡಿಗೆ ಬರುವಂತೆ ನಿಲ್ಲಿಸಿದರೆ ಕೇಂದ್ರವು ಅಚ್ಚಿಗಿಂತ ಒಂದಡಿ ಮುಂದೆ ಇರುತ್ತದೆ. ಹಿಚ್ ಹತ್ತಡಿ ದೂರದಲ್ಲಿರುವುದರಿಂದ 1,750 ಕಿಲೊದ ಹತ್ತನೆಯ ಒಂದು ಭಾಗ, ಅಂದರೆ 175 ಕಿಲೊ, ಮೂಕಿಯ ಮೇಲೆ ಬೀಳುತ್ತದೆ. ಇದು ಹಿತಮಿತವಾದ ಮುಂಭಾರ. ಹೇರುವವರು ಯಾರೇ ಆಗಿರಲಿ, ಈ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಹಾಸಿನ ಮೇಲೆ ಗುರುತು ಮಾಡಿಕೊಂಡೇ ಹೇರಬೇಕು.

ಹೇರುವಾಗ ಟ್ರೇಲರ್ ಟ್ರ್ಯಾಕ್ಟರಿಗೆ ಸಿಕ್ಕಿಸಿಯೇ ಇರಬೇಕು ಮತ್ತು ಟ್ರೇಲರಿನ ಹಿಂಭಾಗದ ಕೆಳಗೆ ಎರಡೂ ಬದಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟಿರಬೇಕು. ಭಾರ ಹಿಂದಿನ ಅಂಚಿಗೆ ಬಂದ ಕ್ಷಣದಲ್ಲಿ ಮೂಕಿ ಮೇಲಕ್ಕೆ ಚಿಮ್ಮುತ್ತದೆ, ಹೇರುವಾಗ ಜನ ಗಾಯಗೊಳ್ಳುವುದು ಹೆಚ್ಚಾಗಿ ಆಗಲೇ. ಹಾಸಿನಷ್ಟೇ ಎತ್ತರದ ಗಟ್ಟಿ ದಿಣ್ಣೆ ನಿಮ್ಮ ಜಮೀನಿನಲ್ಲಿದ್ದರೆ ಟ್ರೇಲರನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಚೈನ್ ಬ್ಲಾಕಿನಿಂದ (ಸರಪಳಿ ರಾಟೆ) ಸಮತಟ್ಟಾಗಿ ಎಳೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ದಿಣ್ಣೆ ಇಲ್ಲದೆ, ಮೂರಡಿ ಎತ್ತರಕ್ಕೆ ಒಂಬತ್ತಡಿ ಉದ್ದದ ಹಲಗೆಯನ್ನು ಇಳಿಜಾರಾಗಿ ಹಾಕಿ ಹತ್ತಿಸಿದರೆ ತೂಕದ ಮೂರನೆಯ ಒಂದು ಭಾಗ, ಸುಮಾರು 580 ಕಿಲೊ, ಎಳೆತ ಬೇಕಾಗುತ್ತದೆ. ಅದನ್ನು ಕೈಯಿಂದ ತಳ್ಳಿ ಹತ್ತಿಸುತ್ತೇವೆಂದು ಹತ್ತು ಜನ ಹಿಂದೆ ನಿಲ್ಲುವುದನ್ನು ದಯವಿಟ್ಟು ಮಾಡಬೇಡಿ. ಎಳೆಯುವ ಸರಪಳಿಯ ಗೆರೆಯಲ್ಲಿಯೂ ಯಾರೂ ನಿಲ್ಲಬಾರದು.

ಕಟ್ಟುವುದಕ್ಕೆ ಪ್ಲಾಸ್ಟಿಕ್ ಹಗ್ಗ ಬೇಡ. ಸರಪಳಿ ಮತ್ತು ಬಿಗಿಯುವ ಟೈಟ್ನರ್, ಇಲ್ಲವೆ ದಪ್ಪನೆಯ ರ್ಯಾಚೆಟ್ ಬೆಲ್ಟುಗಳು ಬೇಕು. ಬೆಲ್ಟಿನ ಮೇಲಿನ ಚೀಟಿಯಲ್ಲಿ ಕಡಿದುಹೋಗುವ ತೂಕವೂ ಬಳಸಬಹುದಾದ ತೂಕವೂ ಬೇರೆ ಬೇರೆಯಾಗಿರುತ್ತವೆ, ಎರಡನೆಯದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಯುರೋಪಿನಲ್ಲಿ ಸರಕು ಬಿಗಿಯುವವರು ಪಾಲಿಸುವ ಮಾನದಂಡದಂತೆ ಹೇರು ಮುಂದಕ್ಕೆ ಜಾರದಂತೆ ಅದರ ತೂಕದ ಶೇ 80ರಷ್ಟು, ಹಿಂದಕ್ಕೂ ಪಕ್ಕಕ್ಕೂ ಶೇ 50ರಷ್ಟು ಬಲವನ್ನು ಕಟ್ಟು ತಡೆಯಬೇಕು. ನಿಮ್ಮ ಗಾಡಿಗೆ ಮುಂದಕ್ಕೆ 1,400 ಕಿಲೊ ಎಂದಾಯಿತು. ನಾಲ್ಕು ಮೂಲೆಗೂ ಒಂದೊಂದು ಕಟ್ಟು, ಎರಡು ಮುಂದಕ್ಕೆ, ಎರಡು ಹಿಂದಕ್ಕೆ, ಅಡ್ಡಡ್ಡವಾಗಿ ಹಾಯುವಂತೆ ಹಾಕಿ, ಅಚ್ಚಿನ ಹೊದಿಕೆಗೆ ಅಥವಾ ಗಟ್ಟಿಯಾದ ಎರಕದ ಭಾಗಕ್ಕೆ ಬಿಗಿಯಿರಿ. ಸ್ಟೀರಿಂಗಿನ ರಾಡುಗಳಿಗೆ, ಹೈಡ್ರಾಲಿಕ್ ತೋಳುಗಳಿಗೆ, ಮಡ್‌ಗಾರ್ಡಿಗೆ ಕಟ್ಟಬೇಡಿ. ಪ್ರತಿ ಚಕ್ರಕ್ಕೂ ಎರಡೂ ಬದಿ ಮರದ ತುಂಡು ಕೊಟ್ಟು, ಅದನ್ನು ಹಾಸಿನ ಮೇಲೆ ಮೊಳೆ ಅಥವಾ ಬೋಲ್ಟಿನಿಂದ ನಿಲ್ಲಿಸಿ. ಹೊರಟು ಒಂದೆರಡು ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ, ಟೈರು ಕುಸಿದು ಕೂತಾಗ ಮೊದಲ ಬಿಗಿ ಸಡಿಲವಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ, ನಿಮ್ಮ ಟ್ರೇಲರಿನಲ್ಲಿ ಇದನ್ನು ಮೈಸೂರಿಗೆ ತರಬಾರದು ಎಂಬುದೇ. ಟ್ರೇಲರೂ ಹೇರೂ ಸೇರಿ 3,050 ಕಿಲೊ ಆಗುತ್ತದೆ, ಅದನ್ನು ತಡೆಯಬೇಕಾದ ಟ್ರ್ಯಾಕ್ಟರ್ 2,000 ಕಿಲೊದ್ದು, ಟ್ರೇಲರಿಗೆ ಬ್ರೇಕಿಲ್ಲ. ಕಬ್ಬಿನ ತೂಕ ಇದಕ್ಕಿಂತ ಹೆಚ್ಚಿರುತ್ತದೆ ಎಂಬುದು ನಿಜ, ಆದರೆ ಅದು ಕಬ್ಬಿನ ಸಾಗಣೆಯ ಅಪಾಯವನ್ನು ತೋರಿಸುತ್ತದೆಯೇ ಹೊರತು ಇದರ ಸುರಕ್ಷತೆಯನ್ನಲ್ಲ. ಹಾಸು ಹಿಂದಕ್ಕೆ ಜಾರಿ ನೆಲಕ್ಕೆ ಇಳಿಯುವ, ವಿಂಚ್ (ತಂತಿ ಸುತ್ತಿ ಎಳೆಯುವ ಯಂತ್ರ) ಇರುವ ಫ್ಲಾಟ್‌ಬೆಡ್ ಗಾಡಿಗಳು ಬಾಡಿಗೆಗೆ ಸಿಗುತ್ತವೆ. ಅವು ಹೊರಬಲ್ಲ ತೂಕ ಎಷ್ಟೆಂದು ಕೇಳಿಕೊಂಡು ಕರೆಸಿ. ಮೇಲಿನ ಕಟ್ಟುವ ಕ್ರಮ ಅಲ್ಲಿಗೂ ಅನ್ವಯಿಸುತ್ತದೆ.

ಉತ್ತರ: ವಾಹನ ವಿಮೆಯ ಕೆಲಸ, ಮಂಡ್ಯ

ಕಾಗದಪತ್ರಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 61ನೆಯ ಕಲಮಿನ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ಅದರ ಸ್ವಂತ ಸಂಖ್ಯೆಯೂ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕು. ಟ್ರ್ಯಾಕ್ಟರಿನ ವಿಮೆಯಲ್ಲಿ ಟ್ರೇಲರನ್ನು ಪ್ರತ್ಯೇಕವಾಗಿ ಸೇರಿಸಿದ್ದಾರೆಯೇ ಎಂದು ಪಾಲಿಸಿಯನ್ನು ತೆಗೆದು ನೋಡಿ. ಅನೇಕರು ಟ್ರ್ಯಾಕ್ಟರಿನ ಕಂತು ಮಾತ್ರ ಕಟ್ಟಿರುತ್ತಾರೆ, ಅಪಘಾತವಾದ ಮೇಲೆ ತಿಳಿದು ಪ್ರಯೋಜನವಿಲ್ಲ. ಟ್ರೇಲರಿನ ಮೇಲೆ ಹೇರಿನ ಪಕ್ಕದಲ್ಲಿ ಯಾರನ್ನೂ ಕೂರಿಸಬೇಡಿ. ಪ್ರಾಣಾಪಾಯದ ಮಾತು ಒಂದು ಕಡೆಯಾದರೆ, ಅವರಿಗೆ ವಿಮೆಯ ರಕ್ಷಣೆಯೂ ದೊರೆಯುವುದು ಕಷ್ಟ.

ಕೆಟ್ಟ ವಾಹನವನ್ನು ರಸ್ತೆಯ ಮೇಲೆ ಎಳೆದೊಯ್ಯುವುದಾದರೆ ಅದಕ್ಕೂ ನಿಯಮವಿದೆ. ಎಳೆಸಿಕೊಳ್ಳುವ ವಾಹನದ ಸ್ಟೀರಿಂಗಿನಲ್ಲಿ ಪರವಾನಗಿ ಇರುವ ಚಾಲಕ ಕೂತಿರಬೇಕು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಗ್ಗ, ಸರಪಳಿ ಇತರರಿಗೆ ಎದ್ದು ಕಾಣಬೇಕು. ಹಿಂದಿನ ವಾಹನದ ಮೇಲೆ ಬಿಳಿ ಹಿನ್ನೆಲೆಯಲ್ಲಿ ಕನಿಷ್ಠ 75 ಮಿ.ಮೀ. ಎತ್ತರದ ಕಪ್ಪು ಅಕ್ಷರಗಳಲ್ಲಿ ‘ಆನ್ ಟೋ’ (ಎಳೆದೊಯ್ಯಲಾಗುತ್ತಿದೆ) ಎಂಬ ಫಲಕವಿರಬೇಕು.

ಉತ್ತರ: ಟ್ರ್ಯಾಕ್ಟರ್ ಮೆಕ್ಯಾನಿಕ್, ಶ್ರೀರಂಗಪಟ್ಟಣ

ಸರ್, ಇಡೀ ಟ್ರ್ಯಾಕ್ಟರನ್ನು ಸಾಗಿಸುವ ಅಗತ್ಯವೇನು ಎಂದು ಯಾರೂ ಕೇಳಲಿಲ್ಲ. ಕೆಟ್ಟಿರುವುದು ಎಂಜಿನ್ ಒಂದೇ ಆಗಿದ್ದು, ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್ ಸರಿಯಾಗಿದ್ದರೆ, ಕೊಟ್ಟಿಗೆಯಲ್ಲಿಯೇ ಗಾಡಿಯನ್ನು ಕ್ಲಚ್ ಹೌಸಿಂಗಿನ (ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗ) ಬಳಿ ಬಿಡಿಸಿ ಎಂಜಿನ್ ಮಾತ್ರ ಇಳಿಸಿ ಕಳಿಸಬಹುದು. ನಿಮ್ಮ ಗಾತ್ರದ ಎಂಜಿನ್ 300 ಕಿಲೊ ಆಸುಪಾಸಿನಲ್ಲಿರುತ್ತದೆ. ಒಂದು ಪಿಕಪ್ ಗಾಡಿ ಸಾಕು, ನಿಮ್ಮ ಟ್ರೇಲರಿಗೂ ಅದು ಭಾರವಲ್ಲ. ಎಣ್ಣೆ, ನೀರು ಬಸಿದು, ಮರದ ಚೌಕಟ್ಟಿನ ಮೇಲೆ ಕೂರಿಸಿ, ಅಚ್ಚಿಗಿಂತ ಸ್ವಲ್ಪ ಮುಂದೆ ಇಟ್ಟು ನಾಲ್ಕೂ ಕಡೆ ಬಿಗಿದರೆ ಮೇಲೆ ಚರ್ಚೆಯಾದ ಅಪಾಯಗಳಲ್ಲಿ ಬಹುಪಾಲು ಇಲ್ಲವಾಗುತ್ತವೆ. ಮೈಸೂರಿನ ವರ್ಕ್‌ಶಾಪಿನವರು ಎಂಜಿನ್ ಮಾತ್ರ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಆದರೆ ಈ ಕೆಲಸವನ್ನು ತಿಳಿದವರಿಂದಲೇ ಮಾಡಿಸಬೇಕು. ಇಂಥ ಟ್ರ್ಯಾಕ್ಟರಿಗೆ ಲಾರಿಯಂತೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇರುವುದಿಲ್ಲ, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರಿಯೇ ಅದರ ಬೆನ್ನೆಲುಬು. ನಡುವೆ ಬೋಲ್ಟು ಬಿಚ್ಚಿದ ಕೂಡಲೇ ಗಾಡಿ ಎರಡಾಗುತ್ತದೆ. ಆದ್ದರಿಂದ ಗೇರ್ ಬಾಕ್ಸಿನ ಕೆಳಗೆ ಸ್ಟ್ಯಾಂಡ್, ಎಂಜಿನ್ನಿನ ಕೆಳಗೆ ಗಾಲಿ ಜ್ಯಾಕ್ ಎರಡೂ ಮೊದಲೇ ಇರಬೇಕು. ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತೂಗುವುದರಿಂದ, ಬಿಡಿಸಿದ ಎಂಜಿನ್ ಭಾಗ ಪಕ್ಕಕ್ಕೆ ವಾಲಿ ಬೀಳುತ್ತದೆ. ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮುಂಚೆಯೇ ಅಚ್ಚಿಗೂ ಅದರ ಮೇಲಿನ ಬ್ರಾಕೆಟಿಗೂ ನಡುವೆ ಎರಡೂ ಬದಿಗೆ ಮರದ ಬೆಣೆ ಹೊಡೆದು, ಅದು ಅಲುಗಾಡುತ್ತಿಲ್ಲವೆಂದು ಕೈಯಿಂದ ಒತ್ತಿ ನೋಡಿಕೊಳ್ಳಿ.